ಮದುವೆ ಕ್ಯಾಸೆಟ್ಟನ್ನು ಡಿಸ್ಕಿಗೆ ಇಳಿಸುವುದು ಹೇಗೆ? ಕಾಂಬೋ ರೆಕಾರ್ಡರ್ ಬಳಸುವವರಿಗೆ ಒಂದು ಮಾರ್ಗದರ್ಶಿ

ಬೀರುವಿನಲ್ಲಿ ಕ್ಯಾಸೆಟ್ ಇದೆ, ಅದನ್ನು ಓಡಿಸುವ ಯಂತ್ರ ಇಲ್ಲ. ನಮ್ಮ ಕಡೆ ಎಷ್ಟೋ ಮನೆಗಳ ಸ್ಥಿತಿ ಇದೇ. ಎಂಬತ್ತು, ತೊಂಬತ್ತರ ದಶಕದ ಮದುವೆ, ಉಪನಯನ, ಗೃಹಪ್ರವೇಶಗಳೆಲ್ಲ ವಿಎಚ್‌ಎಸ್ ಟೇಪಿನಲ್ಲೇ ಉಳಿದಿವೆ. ಅದರಲ್ಲಿ ಓಡಾಡುವ ಹಿರಿಯರಲ್ಲಿ ಅನೇಕರು ಈಗಿಲ್ಲ. ಅವರ ಫೋಟೋ ಬೇರೆ ಕಡೆ ಸಿಗಬಹುದು, ದನಿ ಸಿಗುವುದು ಈ ಟೇಪಿನಲ್ಲಿ ಮಾತ್ರ.

ಜಪಾನಿನ ಜೆವಿಸಿ ಕಂಪನಿ 1976ರಲ್ಲಿ ಹೊರತಂದ ವಿಎಚ್‌ಎಸ್‌ಗೆ ಈಗ ಹೊಸ ಯಂತ್ರ ಸಿಗುವುದಿಲ್ಲ. ಕೊನೆಯವರೆಗೂ ವಿಸಿಆರ್ (ಕ್ಯಾಸೆಟ್ ಓಡಿಸುವ ಯಂತ್ರ) ಮಾಡುತ್ತಿದ್ದ ಫುನಾಯ್ ಕಂಪನಿ 2016ರ ಜುಲೈನಲ್ಲಿ ತಯಾರಿಕೆ ನಿಲ್ಲಿಸಿತು. ಅಂದರೆ ಇನ್ನು ಮುಂದೆ ನಾವು ಬಳಸುವುದೆಲ್ಲ ಹಳೆಯ ಯಂತ್ರ, ಹಳೆಯ ರಬ್ಬರ್, ಟೇಪಿನ ಚಿತ್ರ ಓದುವ ಸವೆದ ಹೆಡ್. ಟೇಪಿಗೂ ವಯಸ್ಸಾಗುತ್ತಿದೆ. ಈ ಕೆಲಸವನ್ನು ಮುಂದೂಡಿದಷ್ಟೂ ಕಷ್ಟ ಜಾಸ್ತಿ.

ಶುರು ಮಾಡುವ ಮುಂಚೆ ಒಂದೇ ಒಂದು ನಿಯಮ ಮನಸ್ಸಿನಲ್ಲಿರಲಿ. ಹಳೆಯ ಕ್ಯಾಸೆಟ್ಟನ್ನು "ಹೇಗಿದೆ ನೋಡೋಣ" ಎಂದು ಸುಮ್ನೆ ಹಾಕಿ ಓಡಿಸಬೇಡಿ. ಮೊದಲ ಸಲ ಓಡುವಾಗಲೇ ರೆಕಾರ್ಡ್ ಆಗುತ್ತಿರಲಿ. ಇಪ್ಪತ್ತು ಮೂವತ್ತು ವರ್ಷ ಮಲಗಿದ್ದ ಟೇಪು ಒಮ್ಮೆ ಚೆನ್ನಾಗಿ ಓಡಿ, ಎರಡನೇ ಸಲ ಸುಕ್ಕಾಗಬಹುದು, ಹರಿಯಬಹುದು. ಕೆಳಗೆ ಹೇಳುವ ತಯಾರಿಯೆಲ್ಲ ಆ ಒಂದು ಓಟಕ್ಕಾಗಿಯೇ.

ಸರಿಯಾದ ಯಂತ್ರ ಯಾವುದು?

ಕಾಂಬೋ ರೆಕಾರ್ಡರ್ ಎಂದರೆ ಒಂದೇ ಪೆಟ್ಟಿಗೆಯಲ್ಲಿ ಒಂದು ಕಡೆ ವಿಸಿಆರ್, ಇನ್ನೊಂದು ಕಡೆ ಡಿವಿಡಿ ಬರೆಯುವ ಡ್ರೈವ್. ಪ್ಯಾನಸೋನಿಕ್, ಎಲ್‌ಜಿ, ಸ್ಯಾಮ್‌ಸಂಗ್ ಎಲ್ಲರೂ ಇಂಥವನ್ನು ಮಾಡಿದ್ದರು. ಆದರೆ ನೋಡಲು ಹಾಗೇ ಇರುವ ಕಾಂಬೋ ಪ್ಲೇಯರ್‌ಗಳೂ ಇವೆ. ಅವು ಡಿವಿಡಿ ತೋರಿಸುತ್ತವೆ ಅಷ್ಟೇ, ಬರೆಯುವುದಿಲ್ಲ. ಕೊಳ್ಳುವಾಗ ಡಿಸ್ಕ್ ಹಾಕುವ ಕಡೆ ಡಿವಿಡಿ-ಆರ್ (ಒಂದೇ ಸಲ ಬರೆಯುವ ಡಿಸ್ಕ್) ಅಥವಾ ಡಿವಿಡಿ-ಆರ್‌ಡಬ್ಲ್ಯೂ (ಅಳಿಸಿ ಮತ್ತೆ ಬರೆಯುವಂಥದ್ದು) ಗುರುತು ಇದೆಯೇ, ಯಂತ್ರದ ಮೇಲೋ ರಿಮೋಟಿನಲ್ಲೋ ಕ್ಯಾಸೆಟ್ಟಿನಿಂದ ಡಿಸ್ಕಿಗೆ ಇಳಿಸುವ ಡಬ್ಬಿಂಗ್ ಬಟನ್ ಇದೆಯೇ ನೋಡಿ. ರಿಮೋಟ್ ಇಲ್ಲದ ಯಂತ್ರ ಬೇಡ. ಮುಖ್ಯವಾದ ಸೆಟ್ಟಿಂಗ್‌ಗಳು, ಫೈನಲೈಸ್ ಮಾಡುವುದು (ಡಿಸ್ಕ್ ಬೇರೆ ಪ್ಲೇಯರಿನಲ್ಲೂ ಓಡುವಂತೆ ಬರೆಯುವುದನ್ನು ಮುಗಿಸುವುದು), ಎಲ್ಲವೂ ಸಾಮಾನ್ಯವಾಗಿ ರಿಮೋಟಿನ ಮೆನುವಿನಲ್ಲೇ ಇರುತ್ತವೆ.

ಹಳೆಯ ಯಂತ್ರವನ್ನು ಬೆಂಗಳೂರಿನ ಎಸ್‌ಪಿ ರೋಡಿನಂಥ ಕಡೆ ಹುಡುಕಬಹುದು, ಓಎಲ್‌ಎಕ್ಸ್‌ನಲ್ಲೂ ನೋಡಬಹುದು. ಹೋಗುವಾಗ ಒಂದು ಬೇಡದ ಕ್ಯಾಸೆಟ್, ಒಂದು ಖಾಲಿ ಡಿಸ್ಕ್ ಜೊತೆಗಿರಲಿ. ಕ್ಯಾಸೆಟ್ ಓಡಿಸಿ, ಮುಂದೆ ಹಿಂದೆ ಸುತ್ತಿಸಿ, ಹೊರಗೆ ತೆಗೆದು ಟೇಪಿನ ಅಂಚು ನೋಡಿ. ಅಂಚು ಮಡಚಿದ್ದರೆ ಆ ಯಂತ್ರ ಟೇಪು ತಿನ್ನುತ್ತದೆ ಎಂದರ್ಥ. ಆಮೇಲೆ ಐದು ನಿಮಿಷ ಡಿಸ್ಕಿಗೆ ಇಳಿಸಿ, ಫೈನಲೈಸ್ ಮಾಡಿಸಿ, ಬೇರೆ ಪ್ಲೇಯರಿನಲ್ಲಿ ಓಡುತ್ತದಾ ನೋಡಿ. ಇಂಥ ಯಂತ್ರಗಳಲ್ಲಿ ಡಿವಿಡಿ ಕಡೆಯ ಲೇಸರ್ ಸೋತುಹೋಗಿರುವುದುಂಟು. ಅಂಗಡಿಯವರು ಕ್ಯಾಸೆಟ್ ಓಡಿಸಿ ತೋರಿಸಿದ ಮಾತ್ರಕ್ಕೆ ದುಡ್ಡು ಕೊಡಬೇಡಿ.

ಅಮೆರಿಕದಲ್ಲಿರುವ ನೆಂಟರು "ನಮ್ಮನೇಲಿ ಒಂದಿದೆ, ತರ್ತೀನಿ" ಎನ್ನುತ್ತಾರೆ. ಪ್ರೀತಿಯ ಮಾತೇ, ಆದರೆ ಅದು ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಟಿವಿ, ವಿಡಿಯೋಗೆ ನಮ್ಮದು ಪಾಲ್ ಪದ್ಧತಿ: 625 ಗೆರೆ, ಸೆಕೆಂಡಿಗೆ 25 ಚಿತ್ರ. ಅವರದು ಎನ್‌ಟಿಎಸ್‌ಸಿ: 525 ಗೆರೆ, ಸೆಕೆಂಡಿಗೆ ಸುಮಾರು 30 ಚಿತ್ರ. ಅಲ್ಲಿನ ಸಾಮಾನ್ಯ ಯಂತ್ರದಲ್ಲಿ ನಮ್ಮ ಕ್ಯಾಸೆಟ್ ಓಡುವುದಿಲ್ಲ. ಅದು 120 ವೋಲ್ಟಿನ ಯಂತ್ರ ಬೇರೆ, ನೇರವಾಗಿ ನಮ್ಮ ಪ್ಲಗ್ಗಿಗೆ ಹಾಕಿದರೆ ಸುಟ್ಟೇ ಹೋಗಬಹುದು. ಇದೇ ತೊಂದರೆ ತಿರುಗಿಯೂ ಬರುತ್ತದೆ. ಅಮೆರಿಕದಿಂದ ಬಂದ ಮೊಮ್ಮಗುವಿನ ಹುಟ್ಟುಹಬ್ಬದ ಕ್ಯಾಸೆಟ್ಟು ಎನ್‌ಟಿಎಸ್‌ಸಿ. ನಮ್ಮ ಯಂತ್ರ ಅದನ್ನು ಟಿವಿಯಲ್ಲಿ ತೋರಿಸಿದರೂ ಡಿಸ್ಕಿಗೆ ಇಳಿಸುವಾಗ ತಕರಾರು ಮಾಡಬಹುದು. ಅಂಥದ್ದನ್ನು ಅಲ್ಲಿಯ ಯಂತ್ರದಲ್ಲೇ ಇಳಿಸಿಕೊಳ್ಳುವುದು ಸುಲಭ. ಯುಎಇಯಲ್ಲಿ ಇರುವುದು ಪಾಲ್, ಹಾಗಾಗಿ ದುಬೈನಿಂದ ಬಂದ ಕ್ಯಾಸೆಟ್ಟಿಗೆ ಈ ತಲೆನೋವು ಇಲ್ಲ.

ಕ್ಯಾಸೆಟ್ಟನ್ನು ಯಂತ್ರಕ್ಕೆ ಹಾಕುವ ಮುಂಚೆ

ಇದು ಅವಸರ ಮಾಡಲೇಬಾರದ ಹಂತ. ಹಗಲು ಬೆಳಕಿನಲ್ಲಿ ಕ್ಯಾಸೆಟ್ಟಿನ ಪಾರದರ್ಶಕ ಕಿಟಕಿಯಿಂದ ಒಳಗಿನ ಸುರುಳಿ ನೋಡಿ. ಕಪ್ಪಗೆ, ನುಣ್ಣಗೆ ಹೊಳೆಯುತ್ತಿದ್ದರೆ ಒಳ್ಳೆಯದು. ಬಿಳಿ ಅಥವಾ ಬೂದು ಬಣ್ಣದ ಚುಕ್ಕಿ, ಪುಡಿ ಮೆತ್ತಿಕೊಂಡಂತೆ ಕಂಡರೆ ಅದು ಬೂಷ್ಟು. ಕರಾವಳಿ, ಮಲೆನಾಡು, ಕೊಡಗಿನ ಮನೆಗಳಲ್ಲಿ ಮಳೆಗಾಲದ ತೇವಕ್ಕೆ ಇದು ತೀರಾ ಸಾಮಾನ್ಯ.

ಬೂಷ್ಟು ಹಿಡಿದ ಕ್ಯಾಸೆಟ್ಟನ್ನು ಯಾವ ಕಾರಣಕ್ಕೂ ಯಂತ್ರಕ್ಕೆ ಹಾಕಬೇಡಿ. ಅದು ಹೆಡ್ಡಿಗೆ ಮೆತ್ತಿಕೊಳ್ಳುತ್ತದೆ, ಅಲ್ಲಿಂದ ಮುಂದಿನ ಕ್ಯಾಸೆಟ್ಟಿಗೂ ದಾಟುತ್ತದೆ. ಟೇಪಿನ ಪದರಗಳು ಒಂದಕ್ಕೊಂದು ಅಂಟಿದ್ದರೆ ಓಡಿಸುವಾಗ ಹರಿದೇ ಹೋಗುತ್ತವೆ. ಅಂಥವನ್ನು ಬೇರೆ ಇಡಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಗುರುತು ಹಾಕಿ. ಸ್ವಚ್ಛ ಮಾಡುವ ಅನುಭವ ಇರುವವರ ಕೈಗೇ ಕೊಡಿ. ಮನೆಯಲ್ಲಿ ಮುಟ್ಟುವಾಗಲೂ ಮೂಗಿಗೆ ಮಾಸ್ಕ್ ಇರಲಿ, ಆ ಪುಡಿ ಉಸಿರಿಗೆ ಒಳ್ಳೆಯದಲ್ಲ.

ಚೆನ್ನಾಗಿರುವ ಕ್ಯಾಸೆಟ್ಟಿಗೆ ಮೂರು ಕೆಲಸ ಮಾಡಿ.

ಮೊದಲು ಅದರ ಬೆನ್ನಿನ ಎಡ ಮೂಲೆಯಲ್ಲಿರುವ ಪುಟ್ಟ ಪ್ಲಾಸ್ಟಿಕ್ ಚೂರನ್ನು ಮುರಿದುಹಾಕಿ. ಅದು ಇದ್ದರೆ ಕ್ಯಾಸೆಟ್ಟಿನ ಮೇಲೆ ಹೊಸದಾಗಿ ರೆಕಾರ್ಡ್ ಮಾಡಬಹುದು, ಮುರಿದರೆ ಆಗುವುದಿಲ್ಲ. ಕಾಂಬೋ ಯಂತ್ರದಲ್ಲಿ ಎರಡೂ ಕಡೆ ರೆಕಾರ್ಡ್ ಆಗುತ್ತದೆ. ತಪ್ಪು ಬಟನ್ ಒತ್ತಿ ಮದುವೆಯ ಮೇಲೆ ನೀಲಿ ಪರದೆ ಬರೆದುಕೊಳ್ಳುವ ಅಪಾಯ ನಿಜವಾಗಿಯೂ ಇದೆ. ಮುರಿದ ಜಾಗಕ್ಕೆ ಯಾರಾದರೂ ಸೆಲ್ಲೋಟೇಪ್ ಅಂಟಿಸಿದ್ದರೆ ಅದನ್ನೂ ಕಿತ್ತುಬಿಡಿ.

ಎರಡನೆಯದು, ಕ್ಯಾಸೆಟ್ಟನ್ನು ಯಂತ್ರ ಇರುವ ಕೋಣೆಯಲ್ಲೇ ಒಂದು ದಿನ ಬಿಡಿ. ತಣ್ಣನೆ ಕೋಣೆಯಿಂದ ತಂದು ಕೂಡಲೇ ಹಾಕಿದರೆ ತೇವ ಕೂತು ಟೇಪು ಯಂತ್ರದೊಳಗಿನ ತಿರುಗುವ ಡ್ರಮ್ಮಿಗೆ ಅಂಟಬಹುದು.

ಮೂರನೆಯದು, ಪೂರ್ತಿ ಮುಂದೆ ಸುತ್ತಿಸಿ, ಪೂರ್ತಿ ಹಿಂದೆ ಸುತ್ತಿಸಿ. ವರ್ಷಗಟ್ಟಲೆ ಒಂದೇ ಭಂಗಿಯಲ್ಲಿದ್ದ ಸುರುಳಿ ಇದರಿಂದ ಸಡಿಲಾಗಿ ಮತ್ತೆ ಸಮನಾಗಿ ಕೂರುತ್ತದೆ. ಇದನ್ನು ನಿಲ್ಲಿಸಿದ ಸ್ಥಿತಿಯಿಂದಲೇ ಮಾಡಿ, ಚಿತ್ರ ನೋಡುತ್ತಾ ಓಡಿಸಬೇಡಿ. ಚಿತ್ರ ಕಾಣುತ್ತಿದೆ ಎಂದರೆ ಟೇಪು ಹೆಡ್ಡಿಗೆ ಉಜ್ಜುತ್ತಿದೆ ಎಂದೇ. ಸುತ್ತುವಾಗ ಕಿರ್ರೆನ್ನುವ ಸದ್ದು ಬಂದರೆ, ತಡೆದು ತಡೆದು ಓಡಿದರೆ, ನಿಲ್ಲಿಸಿ ಹೊರಗೆ ತೆಗೆಯಿರಿ.

ಹೆಡ್ ಸ್ವಚ್ಛ ಮಾಡುವುದು

ವಿಸಿಆರ್ ಒಳಗೆ ಬೆಳ್ಳಿ ಬಣ್ಣದ ಓರೆಯಾದ ಡ್ರಮ್ ಇರುತ್ತದೆ. ಪಾಲ್ ಯಂತ್ರದಲ್ಲಿ ಅದು ಸೆಕೆಂಡಿಗೆ 25 ಸುತ್ತು ತಿರುಗುತ್ತದೆ. ಅದರ ಅಂಚಿನಲ್ಲಿ ಕಣ್ಣಿಗೆ ಸರಿಯಾಗಿ ಕಾಣದಷ್ಟು ಸಣ್ಣ ಹೆಡ್‌ಗಳಿವೆ. ಕೊಳೆ ಕೂತರೆ ಟಿವಿಯ ತುಂಬ ಹಿಮ ಬಿದ್ದಂತೆ ಕಾಣುತ್ತದೆ. ಎಷ್ಟೋ ಜನ ಆಗ "ಟೇಪೇ ಹೋಯ್ತು" ಎಂದು ಕೈಬಿಡುತ್ತಾರೆ. ಟೇಪಿಗೆ ಏನೂ ಆಗಿರುವುದಿಲ್ಲ.

ಪ್ಲಗ್ ಕಿತ್ತು ಸ್ವಲ್ಪ ಹೊತ್ತು ಬಿಟ್ಟು ಮುಚ್ಚಳ ತೆಗೆಯಿರಿ. ಪವರ್ ಸಪ್ಲೈ ಭಾಗಕ್ಕೆ ಕೈ ಹಾಕಬೇಡಿ. ನುಣುಪಾದ ಬಿಳಿ ಕಾಗದದ ತುಂಡನ್ನು ಐಸೋಪ್ರೊಪೈಲ್ ಆಲ್ಕೊಹಾಲಿನಲ್ಲಿ ನೆನೆಸಿ ಡ್ರಮ್ಮಿಗೆ ಮೆಲ್ಲಗೆ ಆನಿಸಿ ಹಿಡಿಯಿರಿ. ಕಾಗದ ಅಲುಗಾಡಬಾರದು. ಇನ್ನೊಂದು ಕೈಯಿಂದ ಡ್ರಮ್ಮನ್ನು ಮೇಲ್ಭಾಗ ಹಿಡಿದು ನಿಧಾನವಾಗಿ ತಿರುಗಿಸಿ. ಮೇಲೆ ಕೆಳಗೆ ಉಜ್ಜಿದರೆ ಹೆಡ್ ಮುರಿಯುತ್ತದೆ, ಮುರಿದರೆ ಮತ್ತೆ ಸರಿಯಾಗುವುದಿಲ್ಲ. ಕಿವಿಗೆ ಹಾಕುವ ಹತ್ತಿಯ ಕಡ್ಡಿಯನ್ನು ಇಲ್ಲಿ ಬಳಸಲೇಬೇಡಿ, ಎಳೆ ಸಿಕ್ಕಿಕೊಳ್ಳುತ್ತದೆ. ಪೂರ್ತಿ ಒಣಗಿದ ಮೇಲೆ ಮುಚ್ಚಳ ಹಾಕಿ. ಇದಕ್ಕೆ ಧೈರ್ಯ ಸಾಲದಿದ್ದರೆ ಹಳೆಯ ಟಿವಿ ರಿಪೇರಿಯವರನ್ನು ಕೇಳಿ. ವಿಸಿಆರ್ ಬಿಚ್ಚಿ ಅಭ್ಯಾಸ ಇರುವವರು ಊರೂರಲ್ಲೂ ಇನ್ನೂ ಇದ್ದಾರೆ.

ಆಮೇಲೆ ಒಂದು ಬೇಡದ ಕ್ಯಾಸೆಟ್ ಹಾಕಿ ಅರ್ಧ ಗಂಟೆ ಓಡಿಸಿ. ಯಂತ್ರದ ಪರೀಕ್ಷೆಯೆಲ್ಲ ಅದರ ಮೇಲೆ ನಡೆಯಲಿ.

ಡಿಸ್ಕು, ಮೋಡು

ಸಾಮಾನ್ಯ ಖಾಲಿ ಡಿವಿಡಿಯ ಅಳತೆ 4.7 ಜಿಬಿ. ಅದರಲ್ಲಿ ಎಷ್ಟು ಹೊತ್ತಿನ ವಿಡಿಯೋ ಹಿಡಿಸಬೇಕು ಎಂಬುದನ್ನು ಮೋಡ್ ನಿರ್ಧರಿಸುತ್ತದೆ. ಎಕ್ಸ್‌ಪಿಯಲ್ಲಿ ಒಂದು ಗಂಟೆ, ಎಸ್‌ಪಿಯಲ್ಲಿ ಎರಡು, ಎಲ್‌ಪಿಯಲ್ಲಿ ನಾಲ್ಕು, ಇಪಿಯಲ್ಲಿ ಆರು ಅಥವಾ ಎಂಟು ಗಂಟೆ.

"ವಿಎಚ್‌ಎಸ್ ಚಿತ್ರವೇ ಮಸುಕು, ಎಲ್‌ಪಿ ಸಾಕು" ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಹಳೆಯ ಟೇಪಿನಲ್ಲಿ ಚಿತ್ರದ ಮೇಲೆ ಸದಾ ಕುದಿಯುವ ಕಾಳುಕಾಳು ಇರುತ್ತದೆ. ಡಿವಿಡಿಯಲ್ಲಿ ವಿಡಿಯೋವನ್ನು ಕುಗ್ಗಿಸಿ ಬರೆಯುವ ಎಂಪೆಗ್-2 ವಿಧಾನ ಆ ಕಾಳನ್ನೂ ಚಿತ್ರವೆಂದೇ ಎಣಿಸಿ ಬರೆಯಲು ಹೋಗುತ್ತದೆ. ಜಾಗ ಸಾಲದೆ ಮುಖಗಳು ಚೌಕ ಚೌಕವಾಗಿ ಒಡೆಯುತ್ತವೆ. ಅಕ್ಷತೆ ಬೀಳುವಾಗ, ಹೋಮದ ಹೊಗೆ ಏಳುವಾಗ, ಜನ ಓಡಾಡುವಾಗ ಇದು ಎದ್ದು ಕಾಣುತ್ತದೆ. ಎಸ್‌ಪಿಗಿಂತ ಕೆಳಗೆ ಇಳಿಯಬೇಡಿ. ತುಂಬ ಅಪರೂಪದ, ಚಿಕ್ಕ ಕ್ಯಾಸೆಟ್ಟಾದರೆ ಎಕ್ಸ್‌ಪಿ ಬಳಸಿ.

ನಮ್ಮಲ್ಲಿ ಹೆಚ್ಚಾಗಿ ಸಿಗುವುದು ಇ-180, ಅಂದರೆ ಮೂರು ಗಂಟೆಯ ಕ್ಯಾಸೆಟ್. ಎಸ್‌ಪಿಯಲ್ಲಿ ಅದಕ್ಕೆ ಎರಡು ಡಿಸ್ಕ್ ಬೇಕು. ಬೇಕಾಗಲಿ ಬಿಡಿ. ವರಪೂಜೆಯಿಂದ ಧಾರೆಯವರೆಗೆ ಒಂದು, ಊಟ ಆರತಕ್ಷತೆ ಇನ್ನೊಂದು ಎಂದು ಒಡೆದರೆ ನೋಡುವವರಿಗೂ ಅನುಕೂಲ. ಆದರೆ ಧಾರೆ ಮುಗಿಯುವುದು ಎರಡು ಗಂಟೆಯ ಒಳಗೇ ಇರಬೇಕು, ಆ ಲೆಕ್ಕ ಇಟ್ಟುಕೊಳ್ಳಿ.

ಡಿಸ್ಕ್ ಹೆಸರಿರುವ ಕಂಪನಿಯದೇ ಇರಲಿ. ಕಂಪ್ಯೂಟರಿಗೆ ಹಾಕಿಕೊಳ್ಳುವುದೇ ಗುರಿಯಾದರೆ ಡಿವಿಡಿ-ಆರ್‌ಡಬ್ಲ್ಯೂ ಉತ್ತಮ. ಅದನ್ನು ಅಳಿಸಿ ಮತ್ತೆ ಮತ್ತೆ ಬಳಸಬಹುದು. ಅದನ್ನು ಮೊದಲ ಸಲ ಹಾಕಿದಾಗ ಯಂತ್ರ ವಿಆರ್ ಮೋಡೋ ವಿಡಿಯೋ ಮೋಡೋ ಎಂದು ಕೇಳಬಹುದು. ವಿಡಿಯೋ ಮೋಡ್ ಆರಿಸಿ. ವಿಆರ್ ಮೋಡಿನ ಡಿಸ್ಕ್ ಎಲ್ಲ ಪ್ಲೇಯರಿನಲ್ಲೂ ಓಡುವುದಿಲ್ಲ.

ಈಗ ರೆಕಾರ್ಡಿಂಗ್

1. ಯಂತ್ರವನ್ನು ಟಿವಿಗೆ ಜೋಡಿಸಿ, ಯುಪಿಎಸ್ ಅಥವಾ ಇನ್ವರ್ಟರ್ ಲೈನಿಗೆ ಹಾಕಿ. ಬರೆಯುವ ಮಧ್ಯೆ ಕರೆಂಟ್ ಹೋದರೆ ಡಿಸ್ಕ್ ಹಾಳಾಗಬಹುದು. ಇನ್ವರ್ಟರ್ ಆದರೆ ಮೊದಲೇ ಮೇನ್ ಸ್ವಿಚ್ ಆರಿಸಿ ನೋಡಿ. ಆ ಬದಲಾವಣೆಯ ಕ್ಷಣದಲ್ಲಿ ಯಂತ್ರ ಆಫ್ ಆಗಬಾರದು.

2. ಖಾಲಿ ಡಿಸ್ಕ್ ಹಾಕಿ, ಯಂತ್ರ ಅದನ್ನು ಗುರುತಿಸುವವರೆಗೆ ಕಾಯಿರಿ. ಮೋಡ್ ಎಸ್‌ಪಿ ಎಂದಿದೆಯೇ ನೋಡಿ.

3. ಪೂರ್ತಿ ಹಿಂದೆ ಸುತ್ತಿದ ಕ್ಯಾಸೆಟ್ ಹಾಕಿ. ವಿಸಿಆರ್‌ನಿಂದ ಡಿವಿಡಿಗೆ ಎಂಬ ಡಬ್ಬಿಂಗ್ ದಿಕ್ಕನ್ನು ಎರಡು ಸಲ ಖಚಿತ ಮಾಡಿಕೊಂಡು ಬಟನ್ ಒತ್ತಿ. ಕೆಲವು ಯಂತ್ರಗಳಲ್ಲಿ ಬಟನ್ನನ್ನು ಕೆಲವು ಸೆಕೆಂಡು ಒತ್ತಿ ಹಿಡಿಯಬೇಕು.

4. ಮೊದಲ ಒಂದೆರಡು ನಿಮಿಷ ಕದಲಬೇಡಿ. ಚಿತ್ರದಲ್ಲಿ ಅಡ್ಡ ಪಟ್ಟಿ ಹರಿದಾಡಿದರೆ ಟ್ರ್ಯಾಕಿಂಗ್ (ಹೆಡ್ ಟೇಪಿನ ಗೆರೆಗೆ ಸರಿಯಾಗಿ ಹೊಂದುವುದು) ಸರಿಮಾಡಿ. ಆಟೋ ಟ್ರ್ಯಾಕಿಂಗಿಗೆ ಆಗದಿದ್ದರೆ ಟ್ರ್ಯಾಕಿಂಗ್ ಬಟನ್ನಿನಿಂದ, ಅದಿಲ್ಲದಿದ್ದರೆ ಬಹುತೇಕ ಯಂತ್ರಗಳಲ್ಲಿ ಚಾನೆಲ್ ಪ್ಲಸ್, ಮೈನಸ್ ಬಟನ್ನಿನಿಂದ ಕೈಯಲ್ಲೇ ಮಾಡಬಹುದು. ಚಿತ್ರದ ತೀರಾ ಕೆಳಗೆ ಒಂದು ತೆಳು ಗೆರೆ ನಡುಗುತ್ತಿದ್ದರೆ ಬಿಟ್ಟುಬಿಡಿ. ಅದು ಎಲ್ಲ ವಿಎಚ್‌ಎಸ್‌ನಲ್ಲೂ ಇರುತ್ತದೆ.

5. ಮೂರು ಗಂಟೆಯ ಕ್ಯಾಸೆಟ್ಟಿಗೆ ಮೂರು ಗಂಟೆಯೇ ಬೇಕು, ಬೇಗ ಮುಗಿಸುವ ದಾರಿ ಇಲ್ಲ. ಹಾಗೆಂದು ಹೊರಗೆ ಹೋಗಬೇಡಿ. ಮಧ್ಯೆ ಖಾಲಿ ಜಾಗ ಬಂದರೆ ಕೆಲವು ಯಂತ್ರಗಳು ಟೇಪು ಮುಗಿಯಿತೆಂದು ನಿಂತುಬಿಡುತ್ತವೆ. ಟೇಪು ಸಿಕ್ಕಿಕೊಂಡರೆ ತಕ್ಷಣ ನಿಲ್ಲಿಸಬೇಕಾಗುತ್ತದೆ.

ಆ ಹೊತ್ತನ್ನು ಬಳಸಿಕೊಳ್ಳಿ ಎಂದು ನಾನು ಕೈಮುಗಿದು ಕೇಳುತ್ತೇನೆ. ಮನೆಯ ಹಿರಿಯರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಅಜ್ಜಿಯೋ ದೊಡ್ಡಮ್ಮನೋ ಸೋದರಮಾವನೋ ಇದ್ದರೆ ಪರದೆಯ ಮೇಲೆ ಬಂದವರ ಹೆಸರು ಹೇಳುತ್ತಾ ಹೋಗುತ್ತಾರೆ. ಸಮಯ ಹಾಕಿ ಬರೆದುಕೊಳ್ಳಿ: "42ನೇ ನಿಮಿಷ, ಕಂಬದ ಪಕ್ಕ ನಿಂತವರು ಅಜ್ಜನ ತಂಗಿ". ಇನ್ನು ಹತ್ತು ವರ್ಷ ಕಳೆದರೆ ಆ ಮುಖ ಯಾರದೆಂದು ಹೇಳುವವರೇ ಇರುವುದಿಲ್ಲ. ಟೇಪಿನಷ್ಟೇ ಬೆಲೆ ಈ ಪಟ್ಟಿಗೂ ಇದೆ.

"ಕಾಪಿ ಮಾಡಲು ಅನುಮತಿ ಇಲ್ಲ" ಎಂದು ಯಂತ್ರ ನಿಲ್ಲಿಸಿದರೆ? ಕೊಂಡ ಸಿನಿಮಾ ಕ್ಯಾಸೆಟ್ಟಿನಲ್ಲಿ ಮ್ಯಾಕ್ರೊವಿಷನ್ ಎಂಬ ತಡೆ ಇರುತ್ತದೆ, ಅದು ಇಳಿಯುವುದಿಲ್ಲ. ಆದರೆ ಮನೆಯ ಕ್ಯಾಸೆಟ್ಟಿಗೂ ಈ ಸಂದೇಶ ಬರುವುದುಂಟು. ಸವೆದ ಟೇಪಿನ ಅಸ್ಥಿರ ಸಿಗ್ನಲ್ಲನ್ನು ಯಂತ್ರ ತಡೆಯೆಂದು ತಪ್ಪಾಗಿ ತಿಳಿಯುತ್ತದೆ. ಟೇಪಿನ ಶುರುವಿನ ಹಾಳಾದ ಭಾಗ ದಾಟಿಸಿ ಮತ್ತೆ ಪ್ರಯತ್ನಿಸಿ, ಟ್ರ್ಯಾಕಿಂಗ್ ಬದಲಿಸಿ, ಹೆಡ್ ಇನ್ನೊಮ್ಮೆ ಒರೆಸಿ. ಆಗಲೂ ಬಾರದಿದ್ದರೆ ಬೇರೆ ವಿಸಿಆರ್‌ನಲ್ಲಿ ಓಡಿಸಿ, ಹಳದಿ-ಬಿಳಿ-ಕೆಂಪು ಎವಿ ವೈರಿನಿಂದ ಕಾಂಬೋದ ಲೈನ್ ಇನ್ ಎಂಬ ಸಾಕೆಟ್ಟಿಗೆ ಕೊಟ್ಟು ನೋಡಿ.

ಕೆಲವು ಬಗೆಯ ಪುಟ್ಟ ಕ್ಯಾಸೆಟ್ಟಿಗೂ ಇದೇ ಲೈನ್ ಇನ್ ಬೇಕು. ವಿಎಚ್‌ಎಸ್-ಸಿ ಆದರೆ ಅಡಾಪ್ಟರ್ ಒಳಗೆ ಕೂರಿಸಿ ಕಾಂಬೋಗೇ ಹಾಕಬಹುದು. 8 ಎಂಎಂ, ಹೈ8, ಮಿನಿ ಡಿವಿಗೆ ಅಂಥ ಅಡಾಪ್ಟರ್ ಇಲ್ಲ. ಅವಕ್ಕೆ ಆಯಾ ಕ್ಯಾಮೆರಾವೇ ಆಗಬೇಕು. ಕ್ಯಾಮೆರಾದಲ್ಲಿ ಓಡಿಸಿ, ಎವಿ ವೈರ್ ಜೋಡಿಸಿ, ಡಿವಿಡಿ ಕಡೆಯ ಇನ್‌ಪುಟ್ಟನ್ನು ಎವಿಗೆ ಬದಲಿಸಿ ರೆಕಾರ್ಡ್ ಒತ್ತಿ.

ದನಿಯ ಬಗ್ಗೆ ಸ್ವಲ್ಪ ಜಾಸ್ತಿ

ಎಲ್ಲರೂ ಚಿತ್ರ ನೋಡುತ್ತಾರೆ, ದನಿ ಯಾರೂ ಗಮನಿಸುವುದಿಲ್ಲ. ವಿಎಚ್‌ಎಸ್‌ನಲ್ಲಿ ಎರಡು ಬಗೆಯ ದನಿ ಇರಬಹುದು. ಟೇಪಿನ ಅಂಚಿನಲ್ಲಿ ಓಡುವ ಸಾಮಾನ್ಯ ಟ್ರ್ಯಾಕ್ ಒಂದು. ಚಿತ್ರದ ಜೊತೆಗೇ ಡ್ರಮ್ಮಿನ ಹೆಡ್ ಬರೆಯುವ ಹೈಫೈ ಟ್ರ್ಯಾಕ್ ಇನ್ನೊಂದು. ಹೈಫೈ ಇದ್ದು ಅದು ಪಟಪಟ ಎಂದು ಸಿಡಿಯುತ್ತಿದ್ದರೆ ರಿಮೋಟಿನ ಆಡಿಯೋ ಬಟನ್ನಿನಿಂದ ಸಾಮಾನ್ಯ ಟ್ರ್ಯಾಕಿಗೆ ಬದಲಿಸಿ, ಸ್ಪಷ್ಟವಾಗುತ್ತದೆ.

ಇನ್ನೊಂದು ಸಾಧ್ಯತೆಯೂ ಇದೆ. ಆಗಿನ ಮದುವೆ ವಿಡಿಯೋದವರು ಮಿಕ್ಸಿಂಗ್ ಮಾಡುವಾಗ ವಾಲಗ, ಮಂತ್ರ, ಮಾತು ಎಲ್ಲ ತೆಗೆದು ಸಿನಿಮಾ ಹಾಡು ತುಂಬುತ್ತಿದ್ದರು. ವಿಎಚ್‌ಎಸ್‌ನ ಆಡಿಯೋ ಡಬ್ ಸಾಮಾನ್ಯ ಟ್ರ್ಯಾಕನ್ನು ಮಾತ್ರ ಬದಲಿಸುತ್ತದೆ, ಹೈಫೈ ಟ್ರ್ಯಾಕನ್ನು ಮುಟ್ಟಲು ಅದಕ್ಕೆ ಆಗುವುದಿಲ್ಲ. ಹಾಗಾಗಿ ಕ್ಯಾಸೆಟ್ ಹೈಫೈ ಯಂತ್ರದಲ್ಲಿ ತಯಾರಾಗಿ, ಅದರ ಮೇಲೆಯೇ ಹಾಡು ಡಬ್ ಆಗಿದ್ದರೆ, ಹಾಡಿನ ಅಡಿಯಲ್ಲಿ ಮೂಲ ದನಿ ಹಾಗೇ ಉಳಿದಿರುತ್ತದೆ. ಎಲ್ಲ ಕ್ಯಾಸೆಟ್ಟಿನಲ್ಲೂ ಹೀಗಿರುವುದಿಲ್ಲ, ಮನೆಗೆ ಬಂದದ್ದು ಕಾಪಿಯಾದರೆ ಖಂಡಿತ ಆಸೆ ಕಡಿಮೆ. ಆದರೂ ಆಡಿಯೋ ಬಟನ್ ಒತ್ತಿ ಎರಡೂ ಟ್ರ್ಯಾಕ್ ಕೇಳಿ ನೋಡುವುದಕ್ಕೆ ಖರ್ಚೇನೂ ಇಲ್ಲ, ಅಲ್ವಾ? ಮೊದಲ ಐದು ನಿಮಿಷದಲ್ಲೇ ಗೊತ್ತಾಗುತ್ತದೆ. ಮೂಲ ದನಿ ಸಿಕ್ಕಿದರೆ ಶುರುವಿನಿಂದ ಆ ಟ್ರ್ಯಾಕಿನಲ್ಲೇ ಇನ್ನೊಮ್ಮೆ ಇಳಿಸಿ. ನಿಯಮ ಮುರಿದು ಎರಡನೇ ಸಲ ಓಡಿಸಲು ಇದಕ್ಕಿಂತ ಒಳ್ಳೆಯ ಕಾರಣ ಇಲ್ಲ.

ಫೈನಲೈಸ್, ಆಮೇಲೆ ಕಂಪ್ಯೂಟರ್

ರೆಕಾರ್ಡ್ ಮುಗಿದ ಮೇಲೆ ಬೇಡದ ತುಣುಕಿದ್ದರೆ ತೆಗೆದು, ಮೆನುವಿಗೆ ಹೋಗಿ ಫೈನಲೈಸ್ ಒತ್ತಿ. ಇದು ಆಗದ ಡಿವಿಡಿ-ಆರ್ ಬೇರೆ ಪ್ಲೇಯರಿನಲ್ಲಿ ಖಾಲಿ ಡಿಸ್ಕಿನಂತೆ ಕಾಣುತ್ತದೆ. ಕೆಲವು ನಿಮಿಷ ಹಿಡಿಯುತ್ತದೆ, ಆ ಹೊತ್ತಿನಲ್ಲಿ ಯಾವ ಬಟನ್ನನ್ನೂ ಮುಟ್ಟಬೇಡಿ. ಡಿಸ್ಕಿನ ಮೇಲೆ ಸ್ಟಿಕ್ಕರ್ ಬೇಡ, ಮೆತ್ತನೆಯ ಮಾರ್ಕರಿನಲ್ಲಿ ಬರೆದರೆ ಸಾಕು.

ಡಿಸ್ಕನ್ನೇ ಕೊನೆಯೆಂದು ನಂಬಬೇಡಿ. ಡಿವಿಡಿ-ಆರ್‌ನಲ್ಲಿ ಮಾಹಿತಿ ಇರುವುದು ಒಂದು ಬಣ್ಣದ ಪದರದಲ್ಲಿ. ಬಿಸಿಲು, ಸೆಕೆ, ಗೀರು ಎಲ್ಲಕ್ಕೂ ಅದು ಸೋಲುತ್ತದೆ. ಹೊಸ ಲ್ಯಾಪ್‌ಟಾಪುಗಳಲ್ಲಿ ಡಿವಿಡಿ ಡ್ರೈವೂ ಇಲ್ಲ. ಆದ್ದರಿಂದ ಫೈನಲೈಸ್ ಆದ ದಿನವೇ ಕಂಪ್ಯೂಟರಿಗೆ ಹಾಕಿಕೊಳ್ಳಿ. ಡಿಸ್ಕಿನಲ್ಲಿ ವಿಡಿಯೋ ಟಿಎಸ್ ಎಂಬ ಫೋಲ್ಡರ್, ಅದರೊಳಗೆ ಸುಮಾರು ಒಂದೊಂದು ಜಿಬಿಯ ವಿಓಬಿ ಫೈಲುಗಳು ಇರುತ್ತವೆ. ಮೇಕ್‌ಎಂಕೆವಿ ತಂತ್ರಾಂಶ ಅವನ್ನು ಗುಣಮಟ್ಟ ಒಂದಿಷ್ಟೂ ಕೆಡದಂತೆ ಒಂದೇ ಫೈಲಾಗಿ ಜೋಡಿಸುತ್ತದೆ. ಇದೇ ನಿಮ್ಮ ಮೂಲಪ್ರತಿ. ಇದನ್ನು ಎರಡು ಬೇರೆ ಹಾರ್ಡ್ ಡಿಸ್ಕಿನಲ್ಲಿಡಿ, ಒಂದು ಬೇರೆ ಮನೆಯಲ್ಲಿರಲಿ.

ಎಲ್ಲರಿಗೂ ಕಳಿಸಲು ಹ್ಯಾಂಡ್‌ಬ್ರೇಕ್ ತಂತ್ರಾಂಶದಲ್ಲಿ ಚಿಕ್ಕ ಎಂಪಿ4 ಮಾಡಿಕೊಳ್ಳಿ. ಡೀಇಂಟರ್‌ಲೇಸ್ ಆಯ್ಕೆ ಹಾಕುವುದು ಮರೆಯಬೇಡಿ. ಇಲ್ಲದಿದ್ದರೆ ಕೈ ಆಡಿಸಿದಾಗಲೆಲ್ಲ ಬಾಚಣಿಗೆಯ ಹಲ್ಲಿನಂಥ ಗೆರೆ ಕಾಣುತ್ತದೆ. ವಾಟ್ಸಾಪಿನಲ್ಲಿ ವಿಡಿಯೋ ಎಂದು ಕಳಿಸಿದರೆ ಚಿತ್ರ ಹಿಂಡಿಹೋಗುತ್ತದೆ, ಡಾಕ್ಯುಮೆಂಟ್ ಎಂದು ಕಳಿಸಿ. 2 ಜಿಬಿವರೆಗೆ ಹೋಗುತ್ತದೆ. ಅಮೆರಿಕದವರಿಗೆ ಡಿಸ್ಕ್ ಅಂಚೆಯಲ್ಲಿ ಹಾಕಬೇಡಿ, ಪಾಲ್ ಡಿವಿಡಿ ಅಲ್ಲಿನ ಎಷ್ಟೋ ಪ್ಲೇಯರುಗಳಲ್ಲಿ ಓಡುವುದಿಲ್ಲ. ಫೈಲಿಗೆ ಆ ಹಂಗಿಲ್ಲ.

ಫೈಲಿನ ಹೆಸರಿನಲ್ಲಿ ವರ್ಷ, ಊರು, ಯಾರ ಮದುವೆ ಎಂಬುದಿರಲಿ. ಹಿರಿಯರು ಹೇಳಿದ ಹೆಸರುಗಳ ಪಟ್ಟಿಯನ್ನು ಟೈಪ್ ಮಾಡಿ ಅದೇ ಫೋಲ್ಡರಿನಲ್ಲಿಡಿ.

ಕ್ಯಾಸೆಟ್ಟನ್ನು ಎಸೆಯಬೇಡಿ. ಒಂದು ತುದಿಗೆ ಪೂರ್ತಿ ಸುತ್ತಿ, ಪುಸ್ತಕದ ಹಾಗೆ ನೆಟ್ಟಗೆ ನಿಲ್ಲಿಸಿ, ಸ್ಪೀಕರಿನಿಂದ ದೂರ, ನೆಲಕ್ಕಿಂತ ಎತ್ತರದಲ್ಲಿ, ಒಂದೆರಡು ಸಿಲಿಕಾ ಜೆಲ್ ಪೊಟ್ಟಣದ ಜೊತೆ ಡಬ್ಬಿಯಲ್ಲಿಡಿ. ಮಳೆಗಾಲ ಮುಗಿದ ಮೇಲೆ ಪೊಟ್ಟಣ ಬದಲಿಸಿ, ಹಾಗೇ ಕಿಟಕಿಯಿಂದ ಸುರುಳಿಯನ್ನೂ ಒಮ್ಮೆ ನೋಡಿ.